ಎಡಕ್ಕಿಟ್ಟದ್ದು ತವರಿನದು

ನಮ್ಮ ಮನೆಯಲ್ಲೊಂದು ಡೈನಿಂಗ್ ಟೇಬಲ್ ಇದೆ. ಅದರ ಮೇಲೆ ಊಟ ಮಾಡಿ ಹನ್ನೊಂದು ವರ್ಷವಾಯಿತು. ಊಟದ ತಟ್ಟೆ ನಮ್ಮ ತೊಡೆಯ ಮೇಲೆ, ಟೇಬಲ್ಲಿನ ಮೇಲೆ ನನ್ನ ಹೆಂಡತಿ ವತ್ಸಲಾಳ ಮಣಿ, ಬೆಳ್ಳಿ ತಂತಿ, ಇಕ್ಕಳ, ಮೇಣ ಹಚ್ಚಿದ ದಾರ, ನೂರೆಂಟು ಡಬ್ಬಿ. ಇಂಗ್ಲಿಷರ ನಾಡಿನ ಸಟನ್ನಿನಲ್ಲಿ ಈ ಮೂರನೇ ಮಹಡಿಯ ಫ್ಲಾಟಿಗೆ ಬಂದ ಹೊಸತರಲ್ಲಿ 'ಒಂದ ವಾರ ಅಷ್ಟರೀ' ಎಂದು ತೆಗೆದುಕೊಂಡ ಟೇಬಲ್ಲು. ಆ ವಾರ ಇನ್ನೂ ಮುಗಿದಿಲ್ಲ.

ನಾನು ಲಕ್ಷ್ಮೀಶ, ಧಾರವಾಡದವನು. ಇಪ್ಪತ್ತೇಳು ವರ್ಷ ಇಲ್ಲಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿ ರಿಟೈರ್ ಆದೆ. ಲೇಬಲ್ ಇಲ್ಲದ ಟ್ಯೂಬನ್ನು ನಾನು ಒಂದು ದಿನವೂ ಮುಟ್ಟಿದವನಲ್ಲ. ಅಂಥವನಿಗೆ ಗಂಟು ಬಿದ್ದವಳು ಒಂದು ಡಬ್ಬಿಯ ಮೇಲೂ ಹೆಸರು ಬರೆಯದ ಈ ಹೆಂಗಸು. 'ಒಂದು ಚೀಟಿ ಅಂಟಿಸಿದ್ರ ನಿನ್ನ ಗಂಟೇನು ಹೋಗ್ತದ?' ಎಂದು ಸಾವಿರ ಸಲ ಕೇಳಿದ್ದೇನೆ. 'ನನ್ನ ಕೈಗೆ ಗೊತ್ತದ, ನೀವು ಸುಮ್ಮ ಕೂಡ್ರಿ' ಎನ್ನುತ್ತಾಳೆ. ಸಿಟ್ಟು ಬರಿಸುವ ಸಂಗತಿಯೆಂದರೆ ಅವಳ ಕೈಗೆ ನಿಜವಾಗಿಯೂ ಗೊತ್ತಿತ್ತು. ಕಣ್ಣುಮುಚ್ಚಿ ಕೈ ಹಾಕಿದರೂ ಬೇಕಾದ ಡಬ್ಬಿಯೇ ಬರುತ್ತಿತ್ತು.

ಅವಳ ಜೊತೆ ರಸ್ತೆಯಲ್ಲಿ ನಡೆಯುವುದು ಒಂದು ಶಿಕ್ಷೆ. ಟ್ರೇನು ಹಿಡಿಯಲು ಹೊರಟರೆ ನಡುದಾರಿಯಲ್ಲಿ ನಿಂತು ಗೋಡೆಯ ಮೇಲೆ ಬಸವನಹುಳು ಹರಿದ ಗೆರೆ ನೋಡುತ್ತಾಳೆ. ಟ್ರೇನು ಹೋಗಿರುತ್ತದೆ, ಆದರೆ ಸಂಜೆಯೊಳಗೆ ಆ ಗೆರೆ ಬೆಳ್ಳಿ ತಂತಿಯಲ್ಲಿ ಇಳಿದಿರುತ್ತದೆ. ನೆಲದಡಿಯ ಟ್ಯೂಬ್ ರೈಲಿನಲ್ಲಿ ಸೀಟಿನ ಬಟ್ಟೆಯ ಚಿತ್ತಾರ ನೋಡಲು ಎದುರು ಕೂತವರನ್ನು ಸ್ವಲ್ಪ ಸರಿಯಿರಿ ಎಂದು ಕೇಳಿದ್ದಾಳೆ. ಒಂದು ಜನವರಿಯ ಬೆಳಿಗ್ಗೆ ಯಾರದೋ ಕಾರಿನ ಗಾಜಿನ ಮೇಲೆ ಕಟ್ಟಿದ ಹಿಮದಲ್ಲಿ ಉಗುರಿನಿಂದ ಜುಮಕಿ ಬರೆಯುತ್ತ ನಿಂತಿದ್ದಳು. ಕಾರಿನವನು ಬಂದಾಗ ಅವನಿಗೆ ಸಮಜಾಯಿಷಿ ಕೊಟ್ಟವನು ನಾನು. ಟೂಟಿಂಗಿನ ನಮ್ಮವರ ಅಂಗಡಿಯಿಂದ ತಂದ ಹಾಗಲಕಾಯಿಯ ಒಂದು ಬಿಲ್ಲೆ ಚಂದ ಕಂಡಿತೆಂದು ಮನೆ ಬೆಚ್ಚಗಿಡುವ ರೇಡಿಯೇಟರಿನ ಮೇಲೆ ಒಣಗಲು ಇಟ್ಟಿದ್ದಳು. ನಾನು ಊಟಕ್ಕೆ ನಂಜಿಕೊಳ್ಳುವ ಬಾಳಕ ಎಂದುಕೊಂಡು ತಿಂದುಬಿಟ್ಟೆ. 'ಅಯ್ಯ, ನನ್ನ ಪದಕ ನುಂಗಿದ್ರಿ!' ಎಂದು ಹಣೆ ಚಚ್ಚಿಕೊಂಡಳು. ಅವತ್ತು ಬಾಯಿ ಕಹಿಯಾಗಿತ್ತು, ಹಾಗಾಗಿ ತಿಂದದ್ದನ್ನು ಒಪ್ಪಿಕೊಳ್ಳದೆ ಗತ್ಯಂತರವಿರಲಿಲ್ಲ.

ಇವೆಲ್ಲ ಓಲೆ, ಪದಕಗಳಾಗುವ ಅವಳ ಸ್ವಂತ ಕುಸುರಿ. ಚರ್ಚ್ ಹಾಲಿನ ಶನಿವಾರದ ಸಂತೆಯಲ್ಲಿ, ಕನ್ನಡದವರ ಯುಗಾದಿ, ರಾಜ್ಯೋತ್ಸವಗಳಲ್ಲಿ ಮಾರುತ್ತಾಳೆ. ಇದಲ್ಲದೆ ಇನ್ನೊಂದು ಕೆಲಸವಿದೆ, ಅದಕ್ಕೆ ದುಡ್ಡು ಮುಟ್ಟುವುದಿಲ್ಲ. ಹರಿದ ಮಂಗಳಸೂತ್ರ ಪೋಣಿಸಿ ಕೊಡುವುದು. ಗದಗಿನಲ್ಲಿ ಅವರ ಓಣಿಯ ನೀಲವ್ವ ಎಂಬ ಮುದುಕಿಯಿಂದ ಹುಡುಗಿಯಾಗಿದ್ದಾಗಲೇ ಕಲಿತದ್ದು. ಇಲ್ಲಿಯ ಅಂಗಡಿಯವರಿಗೆ ಕರಿಮಣಿಯ ಗಂಟು ತಿಳಿಯುವುದಿಲ್ಲ, ಹಾಗಾಗಿ ದೂರದ ಕಿಂಗ್ಸ್‌ಬರಿಯಿಂದಲೂ ಹೆಂಗಸರು ಇವಳನ್ನು ಹುಡುಕಿಕೊಂಡು ಬರುತ್ತಾರೆ. ಪೋಣಿಸುವಷ್ಟು ಹೊತ್ತು ಕೊರಳು ಬರಿದಾಗಬಾರದೆಂದು ಅವರ ಕೊರಳಿಗೆ ಅರಿಶಿನದ ಕೊಂಬು ಕಟ್ಟಿದ ದಾರ ಹಾಕುತ್ತಾಳೆ, ಕೈಗೆ ಚಹಾ ಕೊಡುತ್ತಾಳೆ.

ನಮ್ಮಲ್ಲಿ ಮಂಗಳಸೂತ್ರಕ್ಕೆ ಎರಡು ತಾಳಿ. ಪುಟ್ಟ ಬಟ್ಟಲುಗಳ ಆಕಾರ. ಒಂದು ಹುಡುಗಿಯ ತವರಿನವರು ಮಾಡಿಸಿದ್ದು, ಇನ್ನೊಂದು ಅತ್ತೆಮನೆಯವರದು. ದಾರ ಬಿಚ್ಚುವ ಮೊದಲು ವತ್ಸಲಾ ಕೇಳುವುದು ಒಂದೇ ಪ್ರಶ್ನೆ, 'ತವರಿಂದು ಯಾವುದು?' ಅದನ್ನು ಸ್ಟೀಲಿನ ತಟ್ಟೆಯಲ್ಲಿ ಎಡಕ್ಕೆ ಇಡುತ್ತಾಳೆ, ಬಾಯಿ ಮೇಲೆ ಮಾಡಿ. ಅತ್ತೆಮನೆಯದನ್ನು ಬಲಕ್ಕೆ, ಬೋರಲಾಗಿ. ಪೋಣಿಸುವಾಗಲೂ ತವರಿನದು ಎಡಕ್ಕೆ, ಎದೆಯ ಬಡಿತ ಇರುವ ಕಡೆಗೆ. ಹನ್ನೊಂದು ವರ್ಷದಲ್ಲಿ ಎಷ್ಟು ಕೊರಳುಗಳೋ, ಒಂದೂ ತಪ್ಪಿರಲಿಲ್ಲ.

ಹೋದ ಅಕ್ಟೋಬರಿನ ಒಂದು ಶನಿವಾರ ಪ್ರತೀಕ್ಷಾ ಬಂದಳು. ಮೈಸೂರಿನ ಹುಡುಗಿ, ವಯಸ್ಸು ಮೂವತ್ತಮೂರಿರಬೇಕು. ಕೆಲಸದ ವೀಸಾದ ಮೇಲೆ ಬಂದು ಈಗ ಟೂಟಿಂಗಿನಲ್ಲಿ ನೆಲೆಸಿದವಳು. ಯುಗಾದಿಯಲ್ಲಿ ವತ್ಸಲಾಳಿಂದ ಓಲೆ ಕೊಂಡು ಪರಿಚಯವಾದವಳು. ಚೀಲದಿಂದ ಮಂಗಳಸೂತ್ರ ತೆಗೆದು ಟೇಬಲ್ಲಿನ ಮೇಲಿಟ್ಟಳು. ವತ್ಸಲಾ ಅರಿಶಿನದ ದಾರ ತರಲು ಎದ್ದಳು.

'ದಾರ ಬೇಡ ಆಂಟಿ' ಎಂದಳು ಪ್ರತೀಕ್ಷಾ. 'ಪೋಣಿಸೋಕಲ್ಲ, ಬಿಚ್ಚೋಕೆ ತಂದಿದ್ದು. ಡಿವೋರ್ಸ್ ಆಯ್ತು.'

ವತ್ಸಲಾ ನಿಂತಲ್ಲೇ ನಿಂತಳು. ನಾನು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡೆ. ಇಂಥ ಹೊತ್ತಿನಲ್ಲಿ ಗಂಡಸರಿಗೆ ಪೇಪರು ಇರಬೇಕು.

'ಎರಡನ್ನೂ ಬೇರೆ ಮಾಡಿಕೊಡಿ' ಎಂದಳು ಹುಡುಗಿ. 'ಅವ್ರದ್ದು ಅವ್ರಿಗೆ ವಾಪಸ್ ಕಳಿಸ್ತೀನಿ. ಅವ್ರು ಕೇಳಿಲ್ಲ, ನಂಗೇ ಇಟ್ಕೊಳ್ಳೋಕೆ ಇಷ್ಟ ಇಲ್ಲ. ಇನ್ನೊಂದು ಅಮ್ಮಂದು. ತನ್ನ ಓಲೆ ಕರಗಿಸಿ ಮಾಡ್ಸಿದ್ಲು. ಅವಳು ಹೋಗಿ ಎರಡು ವರ್ಷ ಆಯ್ತು, ಅವಳದ್ದು ಅಂತ ನನ್ನ ಹತ್ರ ಇರೋ ಬಂಗಾರ ಇದೊಂದೇ. ಅದರಲ್ಲಿ ನೀವೇ ಏನಾದ್ರೂ ಮಾಡಿಕೊಡಿ, ಆಂಟಿ. ದಿನಾ ಹಾಕ್ಕೊಳ್ಳೋ ಅಂಥದ್ದು.'

ವತ್ಸಲಾ ಕೂತು, ಎಂದಿನಂತೆ ಕೇಳಿದಳು. 'ತವರಿಂದು ಯಾವುದವ್ವ?'

ಹುಡುಗಿ ಒಂದು ಕ್ಷಣ ತಡೆದು, ಒಂದರ ಮೇಲೆ ಬೆರಳಿಟ್ಟಳು. ಎರಡೂ ಹುಬೇಹೂಬ ಒಂದೇ. ಜೋಡಿ ಹೊಂದಬೇಕೆಂದು ಎರಡೂ ಮನೆಯವರು ಒಬ್ಬನೇ ಅಕ್ಕಸಾಲಿಗನ ಹತ್ತಿರ ಮಾಡಿಸಿದ್ದರಂತೆ. ವತ್ಸಲಾ ದಾರ ಕತ್ತರಿಸಿದಳು. ಎಡಕ್ಕೆ ಒಂದು, ಬಾಯಿ ಮೇಲೆ. ಬಲಕ್ಕೆ ಒಂದು, ಬೋರಲು. ಮುಂದಿನ ಶನಿವಾರ ಬಾ ಎಂದು ಹೇಳಿ ಕಳಿಸಿದಳು. ಅವಳು ಹೋದ ಮೇಲೆ ನನ್ನ ಕಡೆ ತಿರುಗಿ, 'ಇಷ್ಟು ವರ್ಷ ಕಟ್ಟೇನಿ, ಬಿಚ್ಚಿದ್ದು ಇದ ಮೊದಲು. ಪುಣ್ಯನೋ ಪಾಪನೋ ಒಂದೂ ತಿಳೀವಲ್ತು' ಎಂದಳು.

ಸೋಮವಾರ ಬಾಯ್ಲರ್ ಸರ್ವಿಸಿಗೆ ಜನ ಬರುವವರಿದ್ದರು. ಬಾಯ್ಲರಿನ ಕಪಾಟು ಆ ಟೇಬಲ್ಲಿನ ಹಿಂದೆಯೇ ಇದೆ. ವತ್ಸಲಾ ಲೈಬ್ರರಿಗೆ ಹೋಗಿದ್ದಳು. ಕೆಳಗಿನಿಂದ ಬಜರ್ ಒತ್ತಿದರು. ನಾನು ಗಡಿಬಿಡಿಯಲ್ಲಿ ಟೇಬಲ್ಲಿನ ಒಂದು ತುದಿ ಎತ್ತಿ ಎಳೆದೆ. ಸ್ಟೀಲಿನ ತಟ್ಟೆ ಜಾರಿ ಠಣ್ ಎಂದು ಕೆಳಗೆ ಬಿತ್ತು. ಒಂದು ತಾಳಿ ಕಾರ್ಪೆಟ್ಟಿನ ಮೇಲೆ, ಇನ್ನೊಂದು ಸೋಫಾದ ಕೆಳಗೆ. ಈ ವಯಸ್ಸಿನಲ್ಲಿ ನೆಲಕ್ಕೆ ಮಲಗಿ ಛತ್ರಿಯ ಕೋಲಿನಿಂದ ಅದನ್ನು ಎಳೆದೆ. ಯಾವುದು ಎಲ್ಲಿಂದ ಬಂತು, ಯಾವುದು ಎಡಕ್ಕಿತ್ತು? ದೇವರಾಣೆಗೂ ಗೊತ್ತಾಗಲಿಲ್ಲ. ಎರಡನ್ನೂ ತಟ್ಟೆಯಲ್ಲಿ ಎಡಕ್ಕೊಂದು ಬಲಕ್ಕೊಂದು ಬೋರಲು ಹಾಕಿ, ಬಾಯ್ಲರಿನವನಿಗೆ ಬಾಗಿಲು ತೆಗೆದೆ.

ಲ್ಯಾಬಿನಲ್ಲಿ ಎರಡು ಟ್ಯೂಬ್ ಅದಲುಬದಲಾದ ಸಂಶಯ ಬಂದರೂ ಸಾಕು, ಅದೇ ನಿಮಿಷ ಹೇಳಬೇಕು. ಎಷ್ಟು ಹುಡುಗರಿಗೆ ಈ ಪಾಠ ಹೇಳಿಕೊಟ್ಟಿದ್ದೇನೆ ನಾನು! ಸಂಜೆ ಹೇಳೋಣವೆಂದುಕೊಂಡೆ. ಸಂಜೆ ಅವಳು ಖುಷಿಯಲ್ಲಿದ್ದಳು. ಊಟದ ಮೇಲೆ ಹೇಳೋಣವೆಂದುಕೊಂಡೆ. ಊಟದ ಮೇಲೆ ನಿದ್ದೆ ಬಂತು.

ಮಂಗಳವಾರ ಬೆಳಿಗ್ಗೆ ಅವಳು ಟೇಬಲ್ಲಿಗೆ ಕೂತು ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ಕರೆದಳು.

'ಇಲ್ಲಿ ನೋಡ್ರಿ. ಎರಡೂ ಬೋರಲ ಅವ. ನಾ ಹೀಂಗ ಇಟ್ಟಿದ್ನೇನು?'

ಈಗ ಯೋಚಿಸಿದರೆ ಆ ಪ್ರಶ್ನೆ ನನಗೆ ಸಿಕ್ಕ ಒಳ್ಳೆಯ ಅವಕಾಶ. ಆದರೆ ಹನ್ನೊಂದು ವರ್ಷ 'ಒಂದಿನ ಏನರೆ ಕಳಕೊಂಡು ಕೂಡ್ತಿ ನೋಡು' ಎಂದು ಅವಳಿಗೆ ಹೇಳಿದ ಬಾಯಿ ಇದು. ಕಳೆದವನು ನಾನೇ ಎಂದು ಅದು ಹೇಳಲಿಲ್ಲ.

'ನೀನ ಇಟ್ಟಿರಬೇಕು, ಮತ್ಯಾರು ಇಡ್ತಾರ' ಎಂದೆ.

ಅವಳು ವಾದಿಸಲಿಲ್ಲ. ಅದು ನನಗೆ ವಿಚಿತ್ರವೆನಿಸಿತು. ತಕ್ಕಡಿಯಲ್ಲಿ ತೂಗಿದಳು, ಒಂದೇ ತೂಕ. ಒರೆಗಲ್ಲಿಗೆ ಹಚ್ಚಿದಳು, ಒಂದೇ ಬಣ್ಣ. ಭೂತಗನ್ನಡಿ ಹಿಡಿದು ಒಳಗೆ ಹೊರಗೆ ನೋಡಿದಳು. ಕೊನೆಗೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, 'ನನಗ ನೆನಪ ಇಲ್ಲ ನೋಡ್ರಿ. ಇಟ್ಟದ್ದು ನೆನಪದ, ಹೀಂಗ ಇಟ್ಟದ್ದು ನೆನಪಿಲ್ಲ' ಎಂದಳು.

ಅವಳ ತಾಯಿಗೆ ಕೊನೆಯ ವರ್ಷಗಳಲ್ಲಿ ಮರೆವಿನ ರೋಗ ಬಂದಿತ್ತು. ಅದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಆ ಬೆಳಿಗ್ಗೆ ಅದು ನನ್ನ ತಲೆಗೆ ಬರಲೇ ಇಲ್ಲ. ಅವಳ ತಲೆಯಲ್ಲಿ ಅದೊಂದೇ ಇತ್ತು.

ಬುಧವಾರದ ಹೊತ್ತಿಗೆ ಮನೆಯ ರೀತಿಯೇ ಕೆಟ್ಟಿತು. ಬಾಗಿಲು ಹಾಕಿ ಲಿಫ್ಟಿನವರೆಗೆ ಹೋದವಳು ತಿರುಗಿ ಬಂದು ಒಲೆ ನೋಡಿದಳು. ಸಾರಿಗೆ ಉಪ್ಪು ಹಾಕಿದೆನೇ ಎಂದು ನನ್ನನ್ನು ಕೇಳಿದಳು. ಹಸಿರು ಮಣಿಯ ಡಬ್ಬಿಗೆ ಕೈ ಹಾಕಿ, ತೆಗೆಯದೆ, ಕೈ ಹಿಂದಕ್ಕೆ ಎಳೆದುಕೊಂಡಳು. ಅಂಗಡಿಗೆ ಹೋಗಿ ಬರುವಾಗ ಎಲ್ಲೂ ನಿಲ್ಲಲಿಲ್ಲ. ಗೋಡೆ ನೋಡಲಿಲ್ಲ, ಎಲೆ ಹೆಕ್ಕಲಿಲ್ಲ. ಹತ್ತು ನಿಮಿಷದಲ್ಲಿ ಮನೆ ಮುಟ್ಟಿದೆವು. ಇಷ್ಟು ವರ್ಷ ನಾನು ಬೇಡಿಕೊಂಡಿದ್ದು ಇದನ್ನೇ ತಾನೆ?

ಹೇಳಲು ಎಷ್ಟು ಸಲ ಬಾಯಿ ತೆರೆದೆನೋ. ಪ್ರತಿ ಸಲ ಇನ್ನೊಂದು ಗೊಂದಲ ಅಡ್ಡ ಬರುತ್ತಿತ್ತು. ತಾಳಿಗಳನ್ನು ಬೀಳಿಸಿದ್ದು ಹೇಳಿದರೆ ಸಾಕೇ, ಸುಳ್ಳು ಹೇಳಿದ್ದೂ ಹೇಳಬೇಕೇ? ಒಂದು ವೇಳೆ ಅವಳು ಮೊದಲೇ ತಪ್ಪಿ ಇಟ್ಟಿದ್ದರೆ? ನಾನು ಬೀಳಿಸಿ ಎತ್ತಿಟ್ಟದ್ದೇ ಸರಿಯಾಗಿ ಕೂತಿದ್ದರೆ? ಲ್ಯಾಬಿನಲ್ಲಿ ಎಲ್ಲದಕ್ಕೂ ಒಂದು ನಂಬರ್ ಇರುತ್ತಿತ್ತು, ಇಲ್ಲಿ ನನ್ನ ತಲೆ ಗೊಬ್ಬರದ ಗುಂಡಿಯಾಗಿತ್ತು.

ಕಿಂಗ್ಸ್‌ಬರಿಯಲ್ಲಿರುವ ಮಗಳು ಸಿರಿಶಾ ಬುಧವಾರವೇ ಫೋನ್ ಮಾಡಿದಾಗ ವತ್ಸಲಾ ಅವಳಿಗೆ ಎಲ್ಲ ಹೇಳಿಬಿಟ್ಟಳು. ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಉತ್ತರಿಸುವ ಮಗಳು, 'ಜಸ್ಟ್ ಗೆಟ್ ಇಟ್ ಚೆಕ್ಡ್, ಅಮ್ಮಾ' ಎಂದು ಜಿಪಿಗೆ, ಅಂದರೆ ಇಲ್ಲಿಯ ನಮ್ಮ ಮನೆ ಡಾಕ್ಟರಿಗೆ, ತಾನೇ ಬುಕ್ ಮಾಡಿದಳು. ಯಾರೋ ಬರುವುದಿಲ್ಲವೆಂದು ಬಿಟ್ಟ ಜಾಗ ಶುಕ್ರವಾರಕ್ಕೇ ಸಿಕ್ಕಿತು. ನನ್ನ ಮೊಣಕಾಲಿಗೆ ಮೂರು ವಾರ ಕಾದಿದ್ದೆ. ಇದಕ್ಕೆ ಮಾತ್ರ ನಾಡಿದ್ದೇ ಬನ್ನಿ ಎಂದರು.

ಶುಕ್ರವಾರ ಜಿಪಿಯ ವೇಟಿಂಗ್ ರೂಮಿನಲ್ಲಿ ಅಕ್ಕಪಕ್ಕ ಕೂತಿದ್ದೆವು. ವತ್ಸಲಾ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ವಿಷ್ಣುಸಹಸ್ರನಾಮ ಹೇಳುತ್ತಿರಬೇಕು ಎಂದುಕೊಂಡೆ. ಆಮೇಲೆ ಮೆಲ್ಲಗೆ ಅಂಗೈ ಬಿಡಿಸಿ ನೋಡಿ ಮತ್ತೆ ಮುಚ್ಚಿಕೊಂಡಳು. ಬಾಗಿ ನೋಡಿದೆ. ನೀಲಿ ಪೆನ್ನಿನಲ್ಲಿ ಸಣ್ಣ ಅಕ್ಷರ. ಶುಕ್ರವಾರ, ತಾರೀಕು, ತಿಂಗಳು, ಇಸವಿ, ನಮ್ಮ ಮನೆಯ ಪೋಸ್ಟ್‌ಕೋಡ್.

'ಏನಿದು?'

'ಕೇಳ್ತಾರಂತ' ಎಂದಳು. 'ಪ್ರಧಾನಿ ಯಾರಂತನೂ ಕೇಳ್ತಾರಂತ. ಅದನ್ನೂ ಬರಕೊಳ್ಳಲೇನು? ನನಗ ಗೊತ್ತದ, ಆದ್ರ ಒಳಗ ಹೋದಮ್ಯಾಲೆ ಹೋಗಿಬಿಟ್ರ?'

ಹನ್ನೊಂದು ವರ್ಷ ಒಂದು ಚೀಟಿ ಅಂಟಿಸದ ಹೆಂಗಸು. ಅವಳ ಅಂಗೈಯ ಮೇಲೆ ಲೇಬಲ್ ಬರೆಸಿದ್ದೆ ನಾನು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

'ವತ್ಸಲಾ, ತಾಟು ನಾ ಬೀಳಿಸಿದ್ದು' ಎಂದೆ. 'ಸೋಮವಾರ. ಬಾಯ್ಲರಿನವ ಬಂದಾಗ. ಒಂದು ಸೋಫಾದ ಬುಡಕ ಹೋಗಿತ್ತು. ಎತ್ತಿ ನಾನ ಬೋರಲ ಇಟ್ಟೆ. ನೀ ಕೇಳಿದಾಗ ಸುಳ್ಳ ಹೇಳಿದೆ. ನಿನ್ನ ನೆನಪಿಗೆ ಏನೂ ಆಗಿಲ್ಲ.'

ಅವಳು ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಅವಳು ಎದ್ದು ರಿಸೆಪ್ಷನ್ನಿಗೆ ಹೋಗಿ, ಇಂಗ್ಲಿಷಿನಲ್ಲಿ ನಯವಾಗಿ, ನನಗೆ ಡಾಕ್ಟರ್ ಬೇಕಾಗಿಲ್ಲ, ಈ ಜಾಗ ಬೇರೆಯವರಿಗೆ ಕೊಡಿ ಎಂದಳು. ಹೆಬ್ಬೆರಳಿಗೆ ಉಗುಳು ಹಚ್ಚಿ ಅಂಗೈ ಉಜ್ಜಿಕೊಳ್ಳುತ್ತ ಹೊರಗೆ ನಡೆದಳು.

ರಸ್ತೆಯಲ್ಲಿ ಅವಳು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಬಸ್‌ಸ್ಟಾಪಿನ ಹತ್ತಿರದ ಎಲೆ ಉದುರುತ್ತಿದ್ದ ಮರದಲ್ಲಿ ಹಸಿರು ಗಿಳಿಗಳ ಗಲಾಟೆ. ಇಲ್ಲಿಯ ಚಳಿಯಲ್ಲಿ ಇವು ಹೇಗೆ ಬದುಕುತ್ತವೋ. ಅವಳು ನಿಂತಳು. ಗಿಳಿಗಳನ್ನು ನೋಡುತ್ತ ನಿಂತೇ ಇದ್ದಳು. ನನಗೆ ಜೀವ ಬಂದ ಹಾಗಾಯಿತು. ಬಸ್ಸು ಬಂದು ಹೋಯಿತು, ನಾನು ಚಕಾರವೆತ್ತಲಿಲ್ಲ.

ಆಮೇಲೆ ತಿರುಗದೆಯೇ ಹೇಳಿದಳು. 'ನಮ್ಮವ್ವ ಕಡೀಕ ನನ್ನ ಗುರುತ ಹಿಡೀಲಿಲ್ಲ. ಯಾರವ್ವ ನೀ ಅಂತ ಕೇಳಿದ್ಲು. ನಾಕು ದಿವಸ ನಾ ಅದನ್ನ ನೆನಸ್ಕೋತ ಕೂತಿದ್ದೆ. ನೀವು ಬಾಜೂಕ ಕೂತು ಚಹಾ ಕುಡದ್ರಿ.'

ಮುಂದಿನ ಬಸ್ಸಿನಲ್ಲಿ ನಾನು ಅವಳ ಹಿಂದಿನ ಸೀಟಿನಲ್ಲಿ ಕೂತೆ.

ಶನಿವಾರ ಪ್ರತೀಕ್ಷಾ ಬಂದಳು. ವತ್ಸಲಾ ಅವಳಿಗೆ ಚಹಾ ಕೊಟ್ಟು, 'ಇವರು ಏನೋ ಹೇಳೋದದ' ಎಂದು ಹೇಳಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಎಲ್ಲ ಹೇಳಿದೆ. ತಟ್ಟೆ, ಸೋಫಾ, ಛತ್ರಿ, ಸುಳ್ಳು, ಒಂದನ್ನೂ ಬಿಡಲಿಲ್ಲ. 'ಯಾವುದು ನಿಮ್ಮ ತಾಯಿಯದೆಂದು ಈಗ ನಮಗೆ ಗೊತ್ತಿಲ್ಲಮ್ಮ. ತಪ್ಪು ನನ್ನದು' ಎಂದೆ.

ಹುಡುಗಿ ಎರಡೂ ತಾಳಿಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಒಂದೊಂದನ್ನೂ ತಿರುವಿ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು.

'ಅಂಕಲ್, ನಂಗೂ ಗೊತ್ತಿರ್ಲಿಲ್ಲ' ಎಂದಳು.

'ಅಂದರೆ?'

'ಆರು ವರ್ಷ ಹಾಕ್ಕೊಂಡಿದ್ದೆ. ಯಾವ್ದು ಯಾರ್ದು ಅಂತ ಯಾರೂ ಹೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ. ಆಂಟಿ ಕೇಳಿದ್ರಲ್ಲ, ಅಮ್ಮಂದು ಯಾವ್ದು ಅಂತಾನೇ ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು. ಏನೋ ಒಂದು ತೋರಿಸ್ಬಿಟ್ಟೆ.'

ತಟ್ಟೆ ಬೀಳುವ ಮೊದಲೇ ಎಡಬಲ ಎರಡೂ ಅಂದಾಜಿನವು. ಯಾರಿಗೂ ಗೊತ್ತಿಲ್ಲದ್ದನ್ನು ನಾನು ಕಲಸಿಹಾಕಿ, ಅದನ್ನು ಮುಚ್ಚಿಡಲು ನನ್ನ ಹೆಂಡತಿಯ ತಲೆ ಕೆಡಿಸಿದ್ದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

'ಒಂದು ವಾರದಿಂದ ನಿದ್ದೆ ಇಲ್ಲ' ಎನ್ನುತ್ತಿದ್ದಳು ಹುಡುಗಿ. 'ಅಮ್ಮನ್ನೇ ಅವ್ರಿಗೆ ಕಳಿಸಿಬಿಟ್ರೆ? ಫೋನ್ ಮಾಡಿ ಕೇಳೋಣ ಅಂದ್ರೆ ಅಮ್ಮನೇ ಇಲ್ಲ.'

ವತ್ಸಲಾ ಬಂದು ಅವಳ ಪಕ್ಕ ಕೂತಳು. ತಾಳಿಗಳನ್ನು ತೆಗೆದುಕೊಂಡು, ಅವುಗಳ ಪುಟ್ಟ ಕೊಂಡಿಯಲ್ಲಿ ಹಿಡಿದು, ಒಂದನ್ನು ಹುಡುಗಿಯ ಎಡಗಿವಿಯ ಕೆಳಗೆ, ಒಂದನ್ನು ಬಲಗಿವಿಯ ಕೆಳಗೆ ಇಟ್ಟು ನೋಡಿದಳು. ನಾಲ್ಕು ದಿನ ಸತ್ತುಹೋಗಿದ್ದ ಆ ನೋಟ, ಬಸವನಹುಳುವಿನ ಗೆರೆ ನೋಡುವ ನೋಟ, ಮರಳಿ ಬಂದಿತ್ತು.

'ನಿಮ್ಮವ್ವ ಓಲಿ ಕರಗಿಸಿ ತಾಳಿ ಮಾಡಿಸಿದ್ಲು ಅಂದಿ. ತಿರುಗಿ ಓಲಿ ಆಗಲಿ' ಎಂದಳು. 'ಕತ್ತರಸೋದಿಲ್ಲ, ಕಾಯಸೋದಿಲ್ಲ. ಕೊಂಡಿಗೆ ಬಂಗಾರದ ತಂತಿ ಹಾಕ್ತೀನಿ, ಅಷ್ಟ. ಅತ್ತಿ ಮನಿಯವರಿಗೆ ಇಷ್ಟ ತೂಕದ್ದು ಹೊಸಾದು ಕಳಸು. ಅವರ ಬಂಗಾರ ಅವರಿಗೆ ಮುಟ್ಟತದ. ನಿನ್ನ ಎರಡು ಕಿವಿಯೊಳಗ ಒಂದರಾಗ ಅಂತೂ ನಿಮ್ಮವ್ವ ಇರ್ತಾಳ.'

'ಯಾವ ಕಿವಿ, ಆಂಟಿ?'

'ನನಗೇನು ಗೊತ್ತು? ಎರಡೂ ಕಿವಿ ಛಲೋ ಇಟ್ಕೋ.'

ಹುಡುಗಿ ಅಳುತ್ತಲೇ ನಕ್ಕಳು. ಅವತ್ತೇ ಮಧ್ಯಾಹ್ನ ವತ್ಸಲಾ ತಂತಿ ಬಾಗಿಸಿ ಕೊಕ್ಕೆ ಮಾಡಿದಳು. ಪ್ರತೀಕ್ಷಾ ಓಲೆ ಹಾಕಿಕೊಂಡು ತಲೆ ಆ ಕಡೆ ಈ ಕಡೆ ಅಲ್ಲಾಡಿಸಿ ನೋಡಿದಳು. ಲಿಫ್ಟಿಗೆ ಕಾಯುವಾಗಲೂ ಒಂದು ಸಲ ಎಡಗಿವಿ, ಒಂದು ಸಲ ಬಲಗಿವಿ ಮುಟ್ಟಿಕೊಳ್ಳುತ್ತಿದ್ದಳು.

ವತ್ಸಲಾಳಿಗೆ ನನ್ನ ಮೇಲಿನ ಸಿಟ್ಟು ಇಳಿಯಿತೋ ಇಲ್ಲವೋ, ನನಗೆ ಅರ್ಥವಾಗಲಿಲ್ಲ. ಊಟಕ್ಕೆ ಕರೆಯುತ್ತಾಳೆ, ಮಾತಾಡುತ್ತಾಳೆ, ರಸ್ತೆಯಲ್ಲಿ ಮತ್ತೆ ನಿಲ್ಲುತ್ತಾಳೆ. ಕ್ಷಮಿಸು ಎಂದರೆ 'ಆತು ಬಿಡ್ರಿ' ಎನ್ನುತ್ತಾಳೆ. ಆದರೆ ಮೊನ್ನೆ ಕಿಂಗ್ಸ್‌ಬರಿಯ ಜಯಾ ಎಂಬವರು ಮಂಗಳಸೂತ್ರ ಪೋಣಿಸಲು ಬಂದಾಗ ವತ್ಸಲಾ ನನ್ನನ್ನು ಟೇಬಲ್ಲಿಗೆ ಕರೆದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಟೇಬಲ್ಲಿಗೆ ನಾನು ಕುರ್ಚಿ ಎಳೆದು ಕೂತೆ. ಜಯಾ ಬೆರಳಿಟ್ಟು ತೋರಿಸಿದರು. ವತ್ಸಲಾ ತಟ್ಟೆಯನ್ನು ನನ್ನ ಮುಂದೆ ಸರಿಸಿದಳು.

'ಎಡಕ್ಕಿಟ್ಟದ್ದು ತವರಿಂದು. ಇನ್ನ ಮ್ಯಾಲೆ ನೀವು ನೆನಪಿಡ್ರಿ. ಮರತ್ರ ಮರತೆ ಅಂತ ಹೇಳ್ರಿ.'

'ಚೀಟಿ ಅಂಟಿಸಲೇನು?'

'ಬ್ಯಾಡ.'

ಕರಿಮಣಿ ಸ್ವಲ್ಪ ಕಡಿಮೆ ಬಿತ್ತು. ವತ್ಸಲಾ ಮಣಿ ಹುಡುಕುವಷ್ಟರಲ್ಲಿ ಮಧ್ಯಾಹ್ನವಾಯಿತು. ಅರಿಶಿನದ ದಾರ ಹಾಕಿಕೊಂಡ ಜಯಾರನ್ನು ಊಟಕ್ಕೆ ಕೂರಿಸಿದಳು. ಮೂವರೂ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದೆವು. ವತ್ಸಲಾ ಮಜ್ಜಿಗೆ ಕಲಸಿಕೊಳ್ಳುತ್ತ, ತಲೆ ಎತ್ತದೆ ಕೇಳಿದಳು.

'ತವರಿಂದು ಯಾ ಕಡೆ ಅದ ರೀ?'

'ಎಡಕ್ಕ.'

'ಖರೇ?'

ಅಷ್ಟೇ ಕೇಳಿದ್ದು. ನನಗೆ ಗೊತ್ತಿತ್ತು, ನನ್ನ ಕಣ್ಣಾರೆ ನೋಡಿದ್ದೆ. ಆದರೂ ಬಾಯಿಗೆ ಹೋಗುತ್ತಿದ್ದ ತುತ್ತು ಅಲ್ಲೇ ನಿಂತಿತು. ಎಡಕ್ಕೋ, ಬಲಕ್ಕೋ? ನನ್ನ ಎಡವೋ, ಎದುರು ಕೂತ ಅವಳ ಎಡವೋ? ತಟ್ಟೆ ಕೆಳಗಿಟ್ಟು, ಎಂಜಲು ಕೈಯಲ್ಲೇ ಎದ್ದು, ಟೇಬಲ್ಲಿನ ಹತ್ತಿರ ಹೋಗಿ ನೋಡಿದೆ.

ಎಡಕ್ಕಿದ್ದದ್ದು ಬಾಯಿ ಮೇಲಾಗಿತ್ತು, ಬಲಕ್ಕಿದ್ದದ್ದು ಬೋರಲಾಗಿತ್ತು. ತಿರುಗಿದಾಗ ವತ್ಸಲಾ ನನ್ನನ್ನೇ ನೋಡುತ್ತಿದ್ದಳು.

'ಹೀಂಗ ಆಗಿತ್ತು ನೋಡ್ರಿ ನನಗ' ಎಂದಳು. 'ಬರ್ರಿ, ಅನ್ನ ಆರತದ.'